ಅಪ್ಪ ತೀರಿಹೋದ ಹುಡುಗಿಯನ್ನು ಬೆಂಗಳೂರಿನ ಮನೆಗೆ ಕಳಿಸುತ್ತಿದ್ದಾರೆ, ಯಾರನ್ನು ಕೇಳಬೇಕು?

ಹೊಸನಗರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಏಳನೇ ಕ್ಲಾಸಿನ ಒಬ್ಬ ಹುಡುಗಿಯ ವಿಷಯ ಕೇಳಬೇಕಿತ್ತು. ಹೋದ ಮಳೆಗಾಲದಲ್ಲಿ ಅವಳ ಅಪ್ಪ ತೀರಿಕೊಂಡರು. [ಇಲ್ಲಿದ್ದ ಎರಡು ಸಾಲುಗಳನ್ನು ನಿರ್ವಾಹಕರು ತೆಗೆದಿದ್ದಾರೆ.] ಅಮ್ಮ ತೋಟದ ಕೂಲಿಗೆ ಹೋಗುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದಾರೆ, ಇನ್ನೊಂದು ಚಿಕ್ಕ ಮಗು ಇದೆ.

ದೀಪಾವಳಿಗೆ ಬೆಂಗಳೂರಿನಿಂದ ದೂರದ ಸಂಬಂಧಿಕರು ಬಂದಿದ್ದರು. "ಇವಳನ್ನು ನಮ್ಮ ಜೊತೆ ಕಳಿಸಿ, ನಮ್ಮ ಪಾಪುವನ್ನು ನೋಡಿಕೊಂಡಿರಲಿ, ಅಲ್ಲೇ ಶಾಲೆಗೂ ಸೇರಿಸುತ್ತೇವೆ" ಎಂದಿದ್ದಾರಂತೆ. ಅಮ್ಮನಿಗೆ ಪೂರ್ತಿ ಮನಸ್ಸಿಲ್ಲ, ಆದರೆ ಬೇಡ ಅನ್ನುವ ಧೈರ್ಯವೂ ಇಲ್ಲ. ಮೊನ್ನೆ ಟಿ.ಸಿ. ಕೇಳಲು ಶಾಲೆಗೆ ಬಂದರು. ಹುಡುಗಿಯನ್ನು ಪಕ್ಕಕ್ಕೆ ಕರೆದು "ನಿನಗೆ ಹೋಗಲು ಇಷ್ಟನಾ?" ಅಂತ ಕೇಳಿದೆ. "ಅಮ್ಮ ಹೇಳಿದ ಹಾಗೆ" ಎಂದಳು. ಅಷ್ಟೇ.

ಇದನ್ನು ನಾವು ಶಾಲೆಯವರು ತಡೆಯಬಹುದಾ? ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಪೊಲೀಸರು ಬಂದು ಮಗುವನ್ನು ಕರೆದುಕೊಂಡು ಹೋಗುತ್ತಾರೆ ಅಂತ ಊರಲ್ಲಿ ಎಲ್ಲರೂ ಹೆದರುತ್ತಾರೆ. ಅದು ನಿಜವಾ? ಆ ತಾಯಿಯ ಮೇಲೆ ದೂರು ಕೊಟ್ಟ ಹಾಗೆ ಆಗುವುದು ನನಗೆ ಬೇಡ. ಸುಮ್ಮನಿರಲೂ ಆಗುತ್ತಿಲ್ಲ.

ನಿರ್ವಾಹಕರು

ಟೀಚರ್, ನಿಮ್ಮ ಬರಹದಲ್ಲಿದ್ದ ಊರಿನ ಹೆಸರು ಮತ್ತು ಅಪ್ಪ ತೀರಿಹೋದ ರೀತಿಯ ವಿವರ ತೆಗೆದಿದ್ದೇವೆ. ತಪ್ಪು ತಿಳಿಯಬೇಡಿ. ನಮ್ಮ ಕಡೆ ಇಷ್ಟು ಹೇಳಿದರೆ ಯಾರ ಮನೆ ಅಂತ ಗೊತ್ತಾಗಿಬಿಡುತ್ತದೆ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೋ ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಉತ್ತರ ಬರೆಯುವವರೂ ದಯವಿಟ್ಟು ಊರು, ಮನೆತನ ಊಹೆ ಮಾಡಬೇಡಿ.

ತೋಟದ ಮನೆ, ಸೊರಬ

ಸಂಬಂಧಿಕರೇ ಅಲ್ವಾ ಕೇಳಿರೋದು? ಇದರಲ್ಲಿ ಕಾನೂನು ಯಾಕೆ ಬರಬೇಕು? ನಮ್ಮ ತಂದೆ ಶಿವಮೊಗ್ಗದಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಯಾರದೋ ಮನೆಯಲ್ಲಿ ಉಂಡು, ಯಾರದೋ ಜಗಲಿಯಲ್ಲಿ ಮಲಗಿ ಎಸ್ಸೆಸ್ಸೆಲ್ಸಿ ಮುಗಿಸಿದರು. ಮಲೆನಾಡಿನಲ್ಲಿ ಒಂದು ಮನೆಗೆ ಕಷ್ಟ ಬಂದರೆ ಇನ್ನೊಂದು ಮನೆ ಮಗುವನ್ನು ಇಟ್ಟುಕೊಳ್ಳುವುದು ಮೊದಲಿನಿಂದ ಇದೆ. ಒಳ್ಳೆಯ ಮನಸ್ಸಿನಿಂದ ಕರೆದವರನ್ನೂ ಅಪರಾಧಿ ಮಾಡಿದರೆ ಮುಂದೆ ಯಾರೂ ಕೈ ಹಿಡಿಯುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ

ಅಣ್ಣಾ, ನಿಮ್ಮ ತಂದೆಯವರನ್ನು ಓದಲಿ ಅಂತ ಇಟ್ಟುಕೊಂಡಿದ್ದರು. ಈ ಹುಡುಗಿಯನ್ನು ಕೇಳಿರುವುದು ಪಾಪು ನೋಡಿಕೊಳ್ಳಲು. ಶಾಲೆ ಅನ್ನೋದು ಆಮೇಲೆ ಸೇರಿಸಿದ ಮಾತು. ಮನೆಯವರು ಇಬ್ಬರೂ ಕೆಲಸಕ್ಕೆ ಹೋದರೆ ಶಾಲೆಗೆ ಹೋಗುವ ಹೊತ್ತಿಗೆ ಪಾಪುವನ್ನು ಯಾರು ನೋಡ್ತಾರೆ? ಮೊದಲು ಒಂದು ದಿನ ರಜೆ, ಆಮೇಲೆ ಎರಡು ದಿನ, ಆಮೇಲೆ "ಬರೋ ವರ್ಷ ಸೇರಿಸ್ತೀವಿ" ಅಂತಾರೆ. ನಮ್ಮ ಹಳ್ಳಿಯಿಂದ ಹೋದವರು ವರ್ಷಕ್ಕೊಮ್ಮೆ ಜಾತ್ರೆಗೆ ಬಂದಾಗ ಮಾತಾಡಿಸಿ ನೋಡಿದ್ದೇನೆ. ಯಾವ ಕ್ಲಾಸು ಅಂದರೆ ತಲೆ ತಗ್ಗಿಸುತ್ತಾರೆ.

ಸಾಗರದ ವಕೀಲ

ಕಾನೂನಿನ ಮಾತು ಸ್ವಲ್ಪ ಹೇಳಿಬಿಡುತ್ತೇನೆ. ಹುಡುಗಿಗೆ ಸುಮಾರು 12 ವರ್ಷ ಅಂದುಕೊಳ್ಳೋಣ. 14 ವರ್ಷ ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಸ್ಪಷ್ಟ. ಬೇರೆಯವರ ಮನೆಯಲ್ಲಿ ಪಾಪು ನೋಡಿಕೊಳ್ಳುವುದೂ ಕೆಲಸವೇ. ಸ್ವಂತ ಕುಟುಂಬಕ್ಕೆ ಶಾಲೆಯ ನಂತರ ನೆರವಾಗಬಹುದು ಅನ್ನುವ ವಿನಾಯಿತಿ ಕಾನೂನಿನಲ್ಲಿದೆ. "ದೂರದ ಸಂಬಂಧ" ಅಂತ ಹೇಳಿ ಊರು ಬಿಡಿಸಿ ಕರೆದುಕೊಂಡು ಹೋಗಲು ಅದನ್ನು ಬಳಸುವಂತಿಲ್ಲ. ಕೆಲಸಕ್ಕೆ ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಟೀಚರ್, ಆ ಸಂಬಂಧಿಕರಿಗೆ ಇದನ್ನು ಮೆತ್ತಗೆ ಹೇಳಿದರೂ ಸಾಕು. ಎಷ್ಟೋ ಜನರಿಗೆ ಇದು ತಪ್ಪು ಅಂತಲೇ ಗೊತ್ತಿರುವುದಿಲ್ಲ.

ಇನ್ನು ಟಿ.ಸಿ. ವಿಷಯ. ಅದನ್ನು ತಡೆಹಿಡಿಯಬೇಡಿ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಟಿ.ಸಿ. ತಕ್ಷಣ ಕೊಡಬೇಕು ಅಂತಿದೆ, ತಡ ಮಾಡಿದರೆ ತಪ್ಪು ನಿಮ್ಮದಾಗುತ್ತದೆ. ಆದರೆ ಯಾವ ಶಾಲೆ, ಯಾವ ವಿಳಾಸ, ಯಾವ ತರಗತಿ ಅಂತ ಕೇಳಿ ಬರೆದುಕೊಳ್ಳುವುದಕ್ಕೆ ಯಾರೂ ಬೇಡ ಅನ್ನಲ್ಲ. ಸೇರಿಸುವ ಶಾಲೆಯ ಹೆಸರೇ ಹೇಳಲು ಬಾರದಿದ್ದರೆ ಆ ಮಾತು ಎಷ್ಟು ನಿಜ ಅಂತ ಅಲ್ಲೇ ಗೊತ್ತಾಗುತ್ತದೆ.

ಹಳೇ ಸಮಿತಿ ಸದಸ್ಯೆ

ಟೀಚರ್, ನಾನು ಕೆಲವು ವರ್ಷ ಒಂದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ, ಅಂದರೆ ಪಾಲನೆ ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಸಮಿತಿಯಲ್ಲಿ, ಇದ್ದವಳು. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಯಾಕೆಂದರೆ ನಮ್ಮೆದುರು ಬರುತ್ತಿದ್ದ ಅಮ್ಮಂದಿರೆಲ್ಲರ ಮುಖದಲ್ಲೂ ಅದೇ ಭಯ ಇರುತ್ತಿತ್ತು. ಬಾಗಿಲಲ್ಲೇ ಮಗುವಿನ ಕೈ ಗಟ್ಟಿಯಾಗಿ ಹಿಡಿದು ನಿಂತುಬಿಡುತ್ತಿದ್ದರು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

2015ರ ಬಾಲ ನ್ಯಾಯ ಕಾಯ್ದೆ 2016ರ ಜನವರಿಯಲ್ಲಿ ಜಾರಿಗೆ ಬಂತು. ಅದರ ಮೂರನೇ ಕಲಮಿನಲ್ಲಿ ಒಂದಷ್ಟು ಮೂಲ ತತ್ವಗಳಿವೆ. ಮಗುವನ್ನು ಸಂಸ್ಥೆಗೆ ಹಾಕುವುದು ಕಟ್ಟಕಡೆಯ ದಾರಿ ಅನ್ನುವುದು ಅದರಲ್ಲಿ ಒಂದು. ಮಗುವಿಗೆ ತನ್ನ ಕುಟುಂಬದ ಜೊತೆ ಇರುವ ಹಕ್ಕಿದೆ ಅನ್ನುವುದು ಇನ್ನೊಂದು. ಬಡತನ ಇದೆ ಅಂತ ತಾಯಿಯಿಂದ ಮಗುವನ್ನು ಬಿಡಿಸಲು ಈ ಕಾನೂನು ಹೇಳುವುದಿಲ್ಲ. ಬಡತನಕ್ಕೆ ಏನು ಮಾಡಬೇಕೋ ಅದನ್ನು ಮಾಡಿ ಮಗು ಮನೆಯಲ್ಲೇ ಉಳಿಯುವ ಹಾಗೆ ನೋಡಿ ಅನ್ನುತ್ತದೆ.

ಅದಕ್ಕೆ ಇರುವುದೇ ಪ್ರಾಯೋಜಕತ್ವ ಯೋಜನೆ. ಆಫೀಸಿನಲ್ಲಿ ಸ್ಪಾನ್ಸರ್‌ಶಿಪ್ ಅಂದರೂ ಅರ್ಥವಾಗುತ್ತದೆ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಬರುತ್ತದೆ, ಕೇಂದ್ರ 60 ರಾಜ್ಯ 40ರಂತೆ ಖರ್ಚು ಹಂಚಿಕೊಳ್ಳುತ್ತವೆ. ಮೊದಲು ತಿಂಗಳಿಗೆ 2,000 ರೂಪಾಯಿ ಇತ್ತು. 2022ರ ಮಾರ್ಗಸೂಚಿ ಬಂದ ಮೇಲೆ ಒಂದು ಮಗುವಿಗೆ ತಿಂಗಳಿಗೆ 4,000. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ಮೀರಬಾರದು, ಪಟ್ಟಣದಲ್ಲಿ 96,000. ಗಂಡನನ್ನು ಕಳೆದುಕೊಂಡ ತಾಯಿ, ಗಂಡ ಬಿಟ್ಟುಹೋದ ತಾಯಿ, ಅಪ್ಪ-ಅಮ್ಮ ಇಬ್ಬರೂ ಇಲ್ಲದೆ ಅಜ್ಜ-ಅಜ್ಜಿ ಅಥವಾ ಚಿಕ್ಕಮ್ಮ-ಮಾವನ ಮನೆಯಲ್ಲಿ ಬೆಳೆಯುತ್ತಿರುವ ಮಗು, ಹೆತ್ತವರಿಗೆ ಜೀವ ತೆಗೆಯುವಂಥ ಕಾಯಿಲೆ ಇರುವ ಮನೆ, ಇವರಿಗೆಲ್ಲ ಮೊದಲ ಆದ್ಯತೆ. ನೀವು ಹೇಳಿದ ಮನೆ ಈ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ. ಚಿಕ್ಕ ಮಗುವಿಗೂ ಅರ್ಜಿ ಹಾಕಿಸಿ.

ಅರ್ಜಿ ಹೋಗಬೇಕಾದದ್ದು ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಷ್ಟು ದೂರ ಆ ತಾಯಿಯನ್ನು ಅಲೆದಾಡಿಸಬೇಡಿ, ಒಂದು ದಿನದ ಕೂಲಿ ಹೋಗುತ್ತದೆ. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಕೇಳಿ, ಅಂಗನವಾಡಿ ಮೇಲ್ವಿಚಾರಕಿಯ ಮೂಲಕವೂ ಕಳಿಸಬಹುದು. ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್ಕು ಸಿದ್ಧ ಮಾಡಿಟ್ಟುಕೊಳ್ಳಿ. ಘಟಕದವರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಆಮೇಲೆ ಜಿಲ್ಲಾ ಮಟ್ಟದ ಸಮಿತಿ ಒಪ್ಪಬೇಕು. ಹಣ ಮಗುವಿನ ಓದು, ಊಟ, ಆರೋಗ್ಯಕ್ಕೆ. ಮಗು ಶಾಲೆ ಬಿಟ್ಟರೆ ಹಣ ನಿಲ್ಲುತ್ತದೆ ಅನ್ನುವುದನ್ನೂ ತಾಯಿಗೆ ಮೊದಲೇ ಹೇಳಿ.

1098 ಬಗ್ಗೆ. ಅದು 1996ರಲ್ಲಿ ಮುಂಬೈಯಲ್ಲಿ ಶುರುವಾದ ಸಹಾಯವಾಣಿ. 2023ರಲ್ಲಿ ಸರ್ಕಾರವೇ ವಹಿಸಿಕೊಂಡು ತುರ್ತು ನಂಬರು 112ರ ಜೊತೆ ಜೋಡಿಸಿತು, ನಂಬರು ಮಾತ್ರ ಅದೇ. ಫೋನ್ ಮಾಡಿದ ಕೂಡಲೇ ಮಗುವನ್ನು ಕರೆದೊಯ್ಯುತ್ತಾರೆ ಅನ್ನುವುದು ನಿಜ ಅಲ್ಲ. ಪ್ರಾಣಕ್ಕೆ ಅಪಾಯ, ಹಿಂಸೆ, ಮದುವೆ ಇಂಥದ್ದಿದ್ದರೆ ಬೇಗ ಬರುತ್ತಾರೆ. ನಿಮ್ಮ ಹುಡುಗಿಯಂಥ ವಿಷಯದಲ್ಲಿ ಮೊದಲು ಮನೆಗೆ ಬಂದು ಮಾತಾಡುತ್ತಾರೆ.

ತೋಟದ ಮನೆ, ಸೊರಬ

ಮೇಡಂ, ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಕೇಳ್ತೇನೆ. 4,000ದಲ್ಲಿ ಒಂದು ಮಗು ಬೆಳೆಯುತ್ತಾ? ಹಣ ತಿಂಗಳು ತಿಂಗಳು ಬರುತ್ತಾ? ಸರ್ಕಾರದ ಹಣ ನಂಬಿಕೊಂಡು ಕೈಗೆ ಬಂದ ಸಹಾಯವನ್ನು ಬಿಡಿ ಅಂತ ಆ ತಾಯಿಗೆ ಹೇಳುವುದು ಎಷ್ಟು ಸರಿ?

ಹಳೇ ಸಮಿತಿ ಸದಸ್ಯೆ

ನ್ಯಾಯವಾದ ಪ್ರಶ್ನೆ. ಪ್ರತಿ ತಿಂಗಳು ಒಂದೇ ತಾರೀಕಿಗೆ ಬರುವುದಿಲ್ಲ. ಮಂಜೂರಾಗಲೂ ಕಾಯಬೇಕು. ಕೆಲವು ಸಲ ಹಲವು ತಿಂಗಳದ್ದು ಒಟ್ಟಿಗೆ ಬಂದು ಬೀಳುತ್ತದೆ. ಅದಕ್ಕೇ ಇದೊಂದನ್ನೇ ನಂಬಿ ಕೂರಬೇಡಿ. ಅಮ್ಮನಿಗೆ ವಿಧವಾ ವೇತನಕ್ಕೆ ಅರ್ಜಿ ಹಾಕಿಸಿ. ಬಿಪಿಎಲ್ ಮನೆಯಲ್ಲಿ ದುಡಿಯುವ ವ್ಯಕ್ತಿ 60 ತುಂಬುವ ಮೊದಲು ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಸಲಕ್ಕೆ 20,000 ರೂಪಾಯಿ ಸಿಗುತ್ತದೆ. ಇದು ಎಷ್ಟೋ ಮನೆಗೆ ಗೊತ್ತೇ ಇಲ್ಲ. ಎರಡಕ್ಕೂ ನಾಡಕಚೇರಿಯಲ್ಲೇ ಕೇಳಬಹುದು. ಕೋವಿಡ್‌ನಲ್ಲಿ ಅಪ್ಪ-ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಬೇರೆಯೇ ಯೋಜನೆಗಳು ಬಂದವು. ರಾಜ್ಯದ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500, ಪಿಎಂ ಕೇರ್ಸ್‌ನಲ್ಲಿ 23 ವರ್ಷ ತುಂಬಿದಾಗ 10 ಲಕ್ಷ. ಉಳಿದ ಮಕ್ಕಳ ಕಷ್ಟ ಅದಕ್ಕಿಂತ ಸಣ್ಣದೇನಲ್ಲ. ಅಡಿಕೆ ಮರದಿಂದ ಬಿದ್ದವರ ಮಕ್ಕಳು, ಕುಡಿತದಿಂದ ಹೋದವರ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಎಷ್ಟಿದ್ದಾರೆ! ಅವರ ಹತ್ತಿರ ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ನಾವೇ ಅರ್ಜಿ ಹಿಡಿದು ಹೋಗಬೇಕು.

ಶಿವಮೊಗ್ಗ ಪೇಟೆಯವನು

ಅಷ್ಟು ಅಲೆದಾಟ ಯಾಕೆ? ನನಗೆ ಗೊತ್ತಿರುವ ಒಂದು ಆಶ್ರಮ ಇದೆ. ಊಟ, ಬಟ್ಟೆ, ಓದು ಎಲ್ಲ ಉಚಿತ. ತುಂಬಾ ಒಳ್ಳೆಯ ಜನ. ಹುಡುಗಿಯನ್ನು ಅಲ್ಲಿ ಸೇರಿಸಿದರೆ ತಾಯಿಗೂ ನೆಮ್ಮದಿ.

ಸಾಗರದ ವಕೀಲ

ಆ ಆಶ್ರಮಕ್ಕೆ ಬಾಲ ನ್ಯಾಯ ಕಾಯ್ದೆಯ 41ನೇ ಕಲಮಿನ ನೋಂದಣಿ ಇದೆಯಾ ಅಂತ ಮೊದಲು ಕೇಳಿ ಸರ್. ಟ್ರಸ್ಟ್ ನೋಂದಣಿ ಬೇರೆ, ಇದು ಬೇರೆ. ಪಾಲನೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಮನೆಯೇ ಆಗಲಿ, ಸರ್ಕಾರದ್ದೋ ಖಾಸಗಿಯದ್ದೋ ಮಠದ್ದೋ, ಈ ನೋಂದಣಿ ಬೇಕೇ ಬೇಕು. ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಕನಿಷ್ಠ 1 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ನೋಂದಣಿ ಇದ್ದರೂ ಮಗುವನ್ನು ನೇರವಾಗಿ ತಂದು ಬಿಟ್ಟುಹೋಗುವ ಹಾಗಿಲ್ಲ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಯಾಕೆ ಅಂದರೆ, ನಾಳೆ ಆ ಮಗು ಎಲ್ಲಿದೆ, ಹೇಗಿದೆ, ಮನೆಗೆ ಯಾವಾಗ ವಾಪಸ್ಸು ಅಂತ ಕೇಳುವವರು ಒಬ್ಬರು ಇರಬೇಕು. ಸಮಿತಿಗೆ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು ಇರುತ್ತಾರೆ, ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ಅದರ ಕೆಲಸವೇ ಹೀಗೆ ಕೇಳುವುದು.

ಭದ್ರಾವತಿ ಹುಡುಗ

ಇಷ್ಟು ಹೊತ್ತು ಓದುತ್ತಿದ್ದೆ. ಬರೆಯಲಾ ಬೇಡವಾ ಅಂದುಕೊಂಡು ಬರೆಯುತ್ತಿದ್ದೇನೆ. ನಾನು ಬೆಳೆದದ್ದು ಒಂದು ಬಾಲಮಂದಿರದಲ್ಲಿ. ಯಾವ ಊರು ಅಂತ ಹೇಳುವುದಿಲ್ಲ.

ನನಗೆ ಹೋಗಲು ಬೇರೆ ಜಾಗ ಇರಲಿಲ್ಲ. ಅಲ್ಲಿಲ್ಲದಿದ್ದರೆ ನಾನು ರೈಲ್ವೆ ಸ್ಟೇಷನ್ನಿನಲ್ಲೇ ಇರುತ್ತಿದ್ದೆ. ಹಾಗಾಗಿ ಬಾಲಮಂದಿರ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ. ಒಬ್ಬ ಅಡುಗೆಯಮ್ಮ ಇದ್ದರು, ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲಿ ಕೂತಿರುತ್ತಿದ್ದರು. ಆದರೆ ನನ್ನ ತಂಗಿಯನ್ನು ಹುಡುಗಿಯರ ಮಂದಿರಕ್ಕೆ ಕಳಿಸಿದರು. ಅವಳು ಬೆಳೆದದ್ದನ್ನು ನಾನು ನೋಡಲೇ ಇಲ್ಲ. ಈಗ ಮಾತಾಡಿಸುತ್ತೇವೆ, ಆದರೆ ಅಣ್ಣ-ತಂಗಿಗೆ ಒಟ್ಟಿಗೆ ನೆನಪಿರುವ ವಿಷಯವೇ ನಮಗಿಲ್ಲ. ಒಬ್ಬ ಸೋದರಮಾವ ಇದ್ದರು. ಆಗ ಅವರಿಗೆ ಯಾರಾದರೂ ತಿಂಗಳಿಗೆ ಇಷ್ಟು ಸಿಗುತ್ತದೆ, ಇಬ್ಬರನ್ನೂ ಇಟ್ಟುಕೊಳ್ಳಿ ಅಂದಿದ್ದರೆ ಇಟ್ಟುಕೊಳ್ಳುತ್ತಿದ್ದರು ಅಂತ ಈಗಲೂ ಅನಿಸುತ್ತದೆ. ಅದಕ್ಕೇ ಟೀಚರ್ ಕೈ ಮುಗಿದು ಕೇಳ್ತೇನೆ, ಅಮ್ಮ ಇರುವ ಹುಡುಗಿಯನ್ನು ಬೆಂಗಳೂರಿಗೂ ಕಳಿಸಬೇಡಿ, ಆಶ್ರಮಕ್ಕೂ ಕಳಿಸಬೇಡಿ.

ಇನ್ನೊಂದು ಮಾತು, ವಿಷಯ ಸ್ವಲ್ಪ ಬೇರೆ. ಹುಟ್ಟುಹಬ್ಬಕ್ಕೆ ಅಂತ ಬಾಲಮಂದಿರಕ್ಕೆ ಕೇಕು, ಹೋಳಿಗೆ ತರುವವರು ಬಹಳ ಜನ ಇದ್ದಾರೆ. ಒಳ್ಳೆಯ ಮನಸ್ಸು, ಗೊತ್ತು. ಆದರೆ ನಮ್ಮನ್ನು ಸಾಲಾಗಿ ಕೂರಿಸಿ ತಟ್ಟೆ ಕೊಡುವ ಫೋಟೋ ತೆಗೆದು ಎಲ್ಲ ಕಡೆ ಹಾಕುತ್ತಿದ್ದರು. ಮಾರನೇ ದಿನ ಶಾಲೆಯಲ್ಲಿ ಆ ಫೋಟೋ ನೋಡಿದ ಹುಡುಗರು "ನೀನು ಅನಾಥಾಶ್ರಮದವನಾ" ಅಂತ ಕೇಳುತ್ತಿದ್ದರು. ನಿರ್ವಾಹಕರು ಹೇಳಿದ 74ನೇ ಕಲಂ ಅದಕ್ಕೂ ಅನ್ವಯಿಸುತ್ತದೆ. ಆರು ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಇದೆ ಅಂತ ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡೆ. ಜೈಲಿಗೆ ಹೋಗಲಿ ಅಂತ ಯಾರಿಗೂ ಬಯಸಲ್ಲ. ಕೊಡಿ, ಬನ್ನಿ, ಮಕ್ಕಳ ಜೊತೆ ಕೇರಂ ಆಡಿ. ಫೋಟೋ ಮಾತ್ರ ಬೇಡ.

ಅಂಗನವಾಡಿ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ

ತಮ್ಮಾ, ನೀನು ಬರೆದದ್ದು ಒಳ್ಳೆಯದಾಯಿತು.

18 ಆದ ಮೇಲೆ ನಿನಗೆ ಏನಾದರೂ ಸಹಾಯ ಸಿಕ್ಕಿತಾ?

ಭದ್ರಾವತಿ ಹುಡುಗ

ಇಲ್ಲ ಅಕ್ಕಾ, ಯಾರೂ ಹೇಳಲಿಲ್ಲ. ಒಂದು ಬ್ಯಾಗು, ಮಾರ್ಕ್ಸ್ ಕಾರ್ಡು ಹಿಡಿದು ಹೊರಗೆ ಬಂದೆ. ಗ್ಯಾರೇಜಿನಲ್ಲಿ ಕೆಲಸ ಕಲಿತೆ. ಈಗ ಪರವಾಗಿಲ್ಲ, ಚೆನ್ನಾಗಿದ್ದೇನೆ.

ಹಳೇ ಸಮಿತಿ ಸದಸ್ಯೆ

ಇದನ್ನು ಓದುವ ಬೇರೆ ಹುಡುಗ ಹುಡುಗಿಯರಿಗಾಗಿ ಹೇಳುತ್ತೇನೆ. ಸಂಸ್ಥೆಯಿಂದ 18ಕ್ಕೆ ಹೊರಬರುವವರಿಗೆ ಅನುಪಾಲನಾ ಸೇವೆ ಅಂತ ಇದೆ. 21 ವರ್ಷದವರೆಗೆ, ಕೆಲವು ಸಂದರ್ಭದಲ್ಲಿ 23ರವರೆಗೆ ತಿಂಗಳಿಗೆ 4,000 ಸಿಗಬಹುದು. ಹೊರಬರುವ ಮೊದಲೇ ಸೂಪರಿಂಟೆಂಡೆಂಟರನ್ನು ಕೇಳಿ. ಬಂದು ಆಗಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಸಂಕೋಚ ಪಡಬೇಡಿ, ಅದು ನಿಮಗಾಗಿ ಇಟ್ಟ ಹಣ.

ಭದ್ರಾವತಿಯ ಮಗನೇ, ನಿನ್ನನ್ನೂ ನಿನ್ನ ತಂಗಿಯನ್ನೂ ಬೇರೆ ಬೇರೆ ಮಾಡಿದ್ದು ನೋವಿನ ವಿಷಯ. ಒಡಹುಟ್ಟಿದವರನ್ನು ಆದಷ್ಟು ಒಟ್ಟಿಗೆ ಇಡಬೇಕು ಅನ್ನುವುದನ್ನು ಪೋಷಕತ್ವ ಯೋಜನೆಯ (ಮಗುವನ್ನು ಬೇರೆ ಕುಟುಂಬದಲ್ಲಿ ಇಟ್ಟು ಬೆಳೆಸುವ, ಫಾಸ್ಟರ್ ಕೇರ್) ವಿಷಯದಲ್ಲಿ ಕಾನೂನೇ ಹೇಳುತ್ತದೆ. ಸಂಸ್ಥೆಗಳು ಗಂಡು ಹೆಣ್ಣು ಬೇರೆ ಬೇರೆ ಆಗಿರುವುದರಿಂದ ಅಲ್ಲಿ ಇದು ಆಗುವುದೇ ಇಲ್ಲ. ಸೋದರಮಾವ, ದೊಡ್ಡಮ್ಮ, ಅಜ್ಜಿ ಯಾರಿದ್ದಾರೆ ಅಂತ ಮೊದಲು ಹುಡುಕಬೇಕು ಅಂತ ನಾನು ಜಗಳ ಮಾಡುತ್ತಿದ್ದದ್ದು ಇದಕ್ಕೇ.

ಎಸ್ಟೇಟ್ ರೈಟರ್, ಕೊಪ್ಪ

ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ಕಾಫಿ ಎಸ್ಟೇಟುಗಳಿಗೆ ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಸಂಸಾರ ಸಮೇತ ಬರುತ್ತಾರೆ. ಕೊಯ್ಲಿನ ಹೊತ್ತಿಗೆ ಲೈನ್ ಮನೆಗಳು ತುಂಬಿರುತ್ತವೆ. ಮಕ್ಕಳು ದಿನವಿಡೀ ಲೈನಿನ ಮುಂದೆ ಆಡುತ್ತಿರುತ್ತಾರೆ, ಎಂಟು ವರ್ಷದವಳ ಸೊಂಟದಲ್ಲಿ ಒಂದು ವರ್ಷದ ಮಗು. ಶಾಲೆಗೆ ಕಳಿಸಿ ಅಂದರೆ ಟಿ.ಸಿ. ಇಲ್ಲ, ಜನನ ಪತ್ರ ಇಲ್ಲ, ಕನ್ನಡ ಬರಲ್ಲ ಅಂತಾರೆ. ಮುಂದಿನ ತಿಂಗಳು ಇನ್ನೊಂದು ಎಸ್ಟೇಟಿಗೆ ಹೋಗಿರುತ್ತಾರೆ. ಇವರನ್ನು ಯಾರು ಲೆಕ್ಕ ಇಡಬೇಕು? ಸ್ಥಳೀಯರ ಮಕ್ಕಳ ಬಗ್ಗೆ ಮಾತಾಡಲು ಟೀಚರ್ ಇದ್ದಾರೆ, ಇವರ ಬಗ್ಗೆ ಮಾತಾಡಲು ಯಾರೂ ಇಲ್ಲ.

ಸಾಗರದ ವಕೀಲ

ಟಿ.ಸಿ. ಇಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಶಾಲೆಯೂ ಸೇರಿಸಿಕೊಳ್ಳಲ್ಲ ಅನ್ನುವಂತಿಲ್ಲ. 6ರಿಂದ 14 ವರ್ಷದ ಯಾವ ಮಗುವನ್ನೇ ಆಗಲಿ, ವರ್ಷದ ಮಧ್ಯದಲ್ಲೇ ಆಗಲಿ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. 2010ರ ಏಪ್ರಿಲ್‌ನಿಂದ ಇದು ಕಾನೂನು. ಆಧಾರ್ ಆಮೇಲೆ ಮಾಡಿಸಬಹುದು. ರೈಟರ್ ಸರ್, ನಿಮ್ಮ ಹತ್ತಿರ ಹಾಜರಿ ಪುಸ್ತಕ ಇದೆ, ಯಾವ ಲೈನಿನಲ್ಲಿ ಯಾರಿದ್ದಾರೆ ಅಂತ ನಿಮ್ಮಷ್ಟು ಗೊತ್ತಿರುವವರು ಬೇರೆ ಇಲ್ಲ. ಮಕ್ಕಳ ಹೆಸರು, ವಯಸ್ಸು ಒಂದು ಹಾಳೆಯಲ್ಲಿ ಬರೆದು ಹತ್ತಿರದ ಶಾಲೆಯ ಹೆಡ್‌ಮಾಸ್ಟರಿಗೆ ಮತ್ತು ಅಂಗನವಾಡಿಗೆ ಕೊಡಿ.

ಪಂಚಾಯಿತಿ ಸದಸ್ಯೆ

ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಶಾಲೆ ಬಿಡುವುದು ಎಲ್ಲ ಕಡೆ ಇದೆ. ಅಡಿಕೆ ಸುಲಿಯುವ ಕಾಲ ಬಂದರೆ ನಮ್ಮ ಶಾಲೆಯಲ್ಲೂ ಹಾಜರಿ ಬೀಳುತ್ತದೆ. ರಾತ್ರಿ ಹನ್ನೊಂದರವರೆಗೆ ಅಮ್ಮನ ಜೊತೆ ಮೆಟ್ಟುಗತ್ತಿ ಮುಂದೆ ಕೂತ ಮಕ್ಕಳು ಬೆಳಗ್ಗೆ ಎದ್ದು ಶಾಲೆಗೆ ಹೇಗೆ ಹೋಗ್ತಾರೆ?

ನಮ್ಮ ಪಂಚಾಯಿತಿಯಲ್ಲಿ ಕೂಸಿನ ಮನೆ ಮಾಡಿದ್ದೇವೆ. 2023ರಲ್ಲಿ ಸರ್ಕಾರ ಶುರು ಮಾಡಿದ್ದು, ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನೇಮಿಸಿದ್ದೇವೆ. ಶುರುವಿನಲ್ಲಿ ಯಾರೂ ಮಗು ಬಿಡಲಿಲ್ಲ. ಒಬ್ಬರು ಬಿಟ್ಟ ಮೇಲೆ ಉಳಿದವರೂ ಬಿಟ್ಟರು. ಅಕ್ಕಂದಿರು ಶಾಲೆಗೆ ವಾಪಸ್ಸು ಬಂದರು. ಟೀಚರ್, ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಕೇಳಿ. ಮೂರು ವರ್ಷ ತುಂಬಿದ್ದರೆ ಅಂಗನವಾಡಿ ಇದ್ದೇ ಇದೆ.

ಇನ್ನು ಮಕ್ಕಳ ಗ್ರಾಮಸಭೆ. ವರ್ಷಕ್ಕೊಂದು ಆಗಲೇಬೇಕು. ಕೆಲವು ಕಡೆ ಬಿಸ್ಕತ್ತು ಹಂಚಿ, ಫೋಟೋ ತೆಗೆದು ಮುಗಿಸುತ್ತಾರೆ, ಅದು ನನಗೆ ಬೇಸರ. ನಮ್ಮಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಮುರಿದಿದೆ, ಅದಕ್ಕೇ ತಾನು ಎರಡು ತಿಂಗಳು ಶಾಲೆಗೆ ಬರಲಿಲ್ಲ ಅಂದಳು. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ "ಪೋಷಕರ ನಿರ್ಲಕ್ಷ್ಯ" ಅಂತ ಬರೆದಿತ್ತು!

ಶಿವಮೊಗ್ಗ ಪೇಟೆಯವನು

ವಕೀಲರು ಹೇಳಿದ ಮೇಲೆ ಆ ಆಶ್ರಮದವರಿಗೆ ಫೋನ್ ಮಾಡಿ ನೋಂದಣಿ ಕೇಳಿದೆ. "ಆಗುತ್ತಿದೆ" ಎಂದರು. ಹಾಗಾಗಿ ನನ್ನ ಸಲಹೆ ವಾಪಸ್ಸು ತೆಗೆದುಕೊಳ್ಳುತ್ತೇನೆ. ಆದರೆ ಹಾಸ್ಟೆಲ್ ಕೂಡ ಬೇಡವಾ? ಮೊರಾರ್ಜಿ ಶಾಲೆ, ಬಿಸಿಎಂ ಹಾಸ್ಟೆಲ್‌ಗಳಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಓದುತ್ತಿದ್ದಾರಲ್ಲ.

ಹಳೇ ಸಮಿತಿ ಸದಸ್ಯೆ

ಹಾಸ್ಟೆಲ್ ಬೇಡ ಅನ್ನಲ್ಲ. ಹೊಸನಗರದ ಮೂಲೆಯ ಹಳ್ಳಿಗಳಿಂದ ಹೈಸ್ಕೂಲಿಗೆ ದಿನಾ ಓಡಾಡುವುದು ಹುಡುಗಿಯರಿಗೆ ಕಷ್ಟ, ಬಸ್ಸಿಲ್ಲ, ಕಾಡುದಾರಿ. ಎಂಟನೇ ಕ್ಲಾಸಿಗೆ ಹಾಸ್ಟೆಲ್ಲಿಗೆ ಹೋಗಿ, ರಜೆಗೆ ಅಮ್ಮನ ಹತ್ತಿರ ಬಂದು ಹೋಗುವ ಹುಡುಗಿ ಮನೆ ಕಳೆದುಕೊಂಡಿರುವುದಿಲ್ಲ. ಓದಿಗಾಗಿ ಹೋಗಬೇಕು, ಮನೆಯಲ್ಲಿ ಅನ್ನ ಇಲ್ಲ ಅಂತ ಹೋಗುವ ಹಾಗೆ ಆಗಬಾರದು. ಹಾಸ್ಟೆಲ್ ಸೇರಿಸಿದ ಮೇಲೂ ತಿಂಗಳಿಗೊಮ್ಮೆ ಯಾರಾದರೂ ಹೋಗಿ ನೋಡಬೇಕು. ಯಾರೂ ನೋಡಲು ಬರದ ಮಗು ಯಾವುದು ಅಂತ ಕೆಟ್ಟ ಜನಕ್ಕೆ ಬೇಗ ಗೊತ್ತಾಗುತ್ತದೆ.

2016ರ ರಾಜ್ಯದ ಮಕ್ಕಳ ರಕ್ಷಣಾ ನೀತಿ ಪ್ರಕಾರ ಶಾಲೆ, ಹಾಸ್ಟೆಲ್ ಎಲ್ಲೆಡೆ ಮಕ್ಕಳ ರಕ್ಷಣಾ ಸಮಿತಿ ಇರಬೇಕು, ಮಕ್ಕಳು ಚೀಟಿ ಹಾಕಲು ಪೆಟ್ಟಿಗೆ ಇರಬೇಕು. ನೋಡಲು ಹೋದಾಗ ಆ ಪೆಟ್ಟಿಗೆ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ. ಯಾರ ಮೇಲೆ ದೂರು ಬರಬಹುದೋ ಅವರ ಹತ್ತಿರವೇ ಬೀಗದ ಕೈ ಇದ್ದರೆ ಯಾವ ಮಗು ಬರೆಯುತ್ತದೆ?

ಸಾಗರದ ವಕೀಲ

ಮೇಡಂ ಎತ್ತಿದ ಮಾತಿಗೆ ಸೇರಿಸುತ್ತೇನೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅಲ್ಲಿ ಯೋಚನೆ ಮಾಡುತ್ತಾ ಕೂರುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಇನ್ನೂ ಜಾಸ್ತಿ. "ಮಾನ ಹೋಗುತ್ತದೆ" ಅಂತ ಊರಿನ ಹಿರಿಯರು ರಾಜಿ ಮಾಡಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗುವಿಗೆ ಸರಿ ಅನಿಸುವ ಜಾಗದಲ್ಲೋ ಬರೆದುಕೊಳ್ಳಬೇಕು, ಬರುವ ಅಧಿಕಾರಿ ಯೂನಿಫಾರಂ ಹಾಕಿರಬಾರದು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇಷ್ಟು ಗೊತ್ತಿದ್ದರೆ ಎಷ್ಟೋ ತಾಯಂದಿರ ಹೆದರಿಕೆ ಕಡಿಮೆಯಾಗುತ್ತದೆ.

ಹೊಸನಗರದ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ಮತ್ತು ಹೆಡ್‌ಮಾಸ್ಟರ್ ಸಂಜೆ ಅವರ ಮನೆಗೆ ಹೋಗಿದ್ದೆವು. ಜೊತೆಗೆ ನಮ್ಮೂರಿನ ಅಂಗನವಾಡಿ ಟೀಚರ್ ಬಂದರು. ತಾಯಿಯ ಹತ್ತಿರ ಕಾನೂನು ಏನೂ ಮಾತಾಡಲಿಲ್ಲ. ಮಗಳನ್ನು ಕಳಿಸಲು ನಿಮಗೆ ಇಷ್ಟವಾ ಅಂತಷ್ಟೇ ಕೇಳಿದೆವು. ತುಂಬಾ ಹೊತ್ತು ಸುಮ್ಮನಿದ್ದು "ಇಲ್ಲಿದ್ದರೆ ಏನು ಕೊಡಲಿ ಅಕ್ಕೋರೇ" ಎಂದರು. ಆಗ ಪ್ರಾಯೋಜಕತ್ವದ ವಿಷಯ, ಕುಟುಂಬ ನೆರವಿನ ವಿಷಯ ಹೇಳಿದೆವು. ಮರಣ ಪ್ರಮಾಣಪತ್ರವನ್ನೇ ಇನ್ನೂ ತೆಗೆಸಿಲ್ಲ. ನಾಳೆ ಹೆಡ್‌ಮಾಸ್ಟರ್ ಪಂಚಾಯಿತಿಯಲ್ಲಿ ಕೇಳುತ್ತಾರೆ.

ಸಂಬಂಧಿಕರಿಗೆ ಏನು ಹೇಳಬೇಕು ಅನ್ನುವುದು ಅವರಿಗೆ ದೊಡ್ಡ ಚಿಂತೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವರು ಹಣ ಕೊಟ್ಟಿದ್ದರಂತೆ. ಆ ಋಣ ತಲೆ ಮೇಲಿದೆ. ಇನ್ನೂ ಏನೂ ತೀರ್ಮಾನ ಆಗಿಲ್ಲ. 1098ಕ್ಕೂ ಫೋನ್ ಮಾಡಿ ತಿಳಿಸಿದ್ದೇನೆ, ತಾಯಿಗೆ ಹೇಳಿಯೇ ಮಾಡಿದೆ.

ಸಾಗರದ ವಕೀಲ

ಆ ಋಣದ ಮಾತು ಕೇಳಿ ಹೆದರಿಕೆ ಆಯಿತು ಟೀಚರ್. ಕೊಟ್ಟ ಹಣಕ್ಕೆ ಬದಲಾಗಿ ಮಗುವನ್ನು ಕೇಳುತ್ತಿದ್ದಾರೆ ಅಂತಾದರೆ ಇದು ಸಂಬಂಧದ ಮಾತಾಗಿ ಉಳಿಯುವುದಿಲ್ಲ. ಘಟಕದವರು ಮನೆಗೆ ಬಂದಾಗ ತಾಯಿ ಇದನ್ನು ತಾವೇ ಹೇಳುವ ಹಾಗೆ ನೋಡಿಕೊಳ್ಳಿ.

ತೋಟದ ಮನೆ, ಸೊರಬ

ಸಹಾಯ ಮಾಡುವ ಸಂಬಂಧಿಕರನ್ನೆಲ್ಲ ಅನುಮಾನಿಸಬಾರದು ಅನ್ನುವ ನನ್ನ ಮಾತು ಈಗಲೂ ಇದೆ. ಆದರೆ ಹಣ ಕೊಟ್ಟು ಮಗು ಕೇಳುವುದು ನಮ್ಮ ಪದ್ಧತಿ ಅಲ್ಲ. ನಿಜವಾಗಿ ಸಹಾಯ ಮಾಡುವವರಾದರೆ ಹುಡುಗಿ ಇಲ್ಲೇ ಓದಲಿ, ಪುಸ್ತಕ ಬಟ್ಟೆಗೆ ಕಳಿಸಲಿ. ಟೀಚರ್, ಓಡಾಟಕ್ಕೆ ಏನಾದರೂ ಬೇಕಾದರೆ ಹೇಳಿ, ನಾನು ಮತ್ತು ನಮ್ಮ ಸೊಸೈಟಿಯ ಕೆಲವರು ಇದ್ದೇವೆ.

ಶಿಕಾರಿಪುರದಿಂದ

ಎಲ್ಲ ಓದಿದೆ. ನಮ್ಮ ಪಕ್ಕದ ಮನೆಯಲ್ಲಿ ಎರಡು ಮಕ್ಕಳು ಅಜ್ಜಿಯ ಜೊತೆ ಇವೆ. ಅಮ್ಮ ಇಲ್ಲ. ಅಪ್ಪ ಎಲ್ಲಿಗೋ ಹೋದವರು ಬಂದಿಲ್ಲ, ಇದ್ದಾರೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ಅಪ್ಪನ ಮರಣ ಪ್ರಮಾಣಪತ್ರ ಇಲ್ಲ. ಅಜ್ಜಿಗೆ ಸಹಿ ಮಾಡಲು ಬರಲ್ಲ. ದೊಡ್ಡವನು ಆಗಲೇ ಶುಂಠಿ ಕೀಳುವ ಕೆಲಸಕ್ಕೆ ಹೋಗಲು ಶುರು ಮಾಡಿದ್ದಾನೆ, ಒಂಬತ್ತನೇ ಕ್ಲಾಸು. ಇವರಿಗೂ ಅರ್ಜಿ ಹಾಕಬಹುದಾ?

ಹಳೇ ಸಮಿತಿ ಸದಸ್ಯೆ

ಹಾಕಬಹುದು, ಹಾಕಲೇಬೇಕು. ಸಹಿ ಬರದಿದ್ದರೆ ಹೆಬ್ಬೆಟ್ಟು ಸಾಕು. ಅಮ್ಮನ ಮರಣ ಪ್ರಮಾಣಪತ್ರ ಇಟ್ಟುಕೊಳ್ಳಿ. ಅಪ್ಪ ಬಿಟ್ಟುಹೋದದ್ದರ ಬಗ್ಗೆ ಘಟಕದವರು ಬಂದಾಗ ನೀವು ನೆರೆಯವರು ಹೇಳಿ, ಶಾಲೆಯವರೂ ಹೇಳಲಿ, ಅವರು ವರದಿಯಲ್ಲಿ ಬರೆದುಕೊಳ್ಳುತ್ತಾರೆ. ಅಪ್ಪ ಕಾಣೆಯಾಗಿದ್ದಾರೆ ಅಂತ ಠಾಣೆಯಲ್ಲಿ ದೂರು ಕೊಟ್ಟಿದ್ದರೆ ಅದರ ಪ್ರತಿಯೂ ಇರಲಿ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಯಾರು ಬೇಕಾದರೂ ಮಗುವಿನ ವಿಷಯ ತರಬಹುದು. ನೀವೂ ತರಬಹುದು, ಆ ಹುಡುಗ ತಾನೇ ಹೋಗಿ ಕೇಳಬಹುದು.

ದೊಡ್ಡವನ ಶಾಲೆಯ ಹಾಜರಿ ಮೊದಲು ಸರಿ ಮಾಡಿಸಿ. ಶುಂಠಿ ಹೊಲದಲ್ಲಿ ವಿಪರೀತ ಔಷಧಿ ಹೊಡೆಯುತ್ತಾರೆ, ಅದನ್ನೂ ಅವನಿಗೆ ಹೇಳಿ. ಇಬ್ಬರಿಗೂ ಬೇರೆ ಬೇರೆ ಅರ್ಜಿ ಬೇಕು, ಬ್ಯಾಂಕ್ ಖಾತೆಯೂ ಮಗುವಿನ ಹೆಸರಿನಲ್ಲಿ ಬೇರೆ ಬೇರೆ ಇರಲಿ. ಅಜ್ಜಿಯ ಆದಾಯ ಪ್ರಮಾಣಪತ್ರಕ್ಕೆ ಸೋಮವಾರವೇ ನಾಡಕಚೇರಿಗೆ ಹೋಗಿ. ಅಜ್ಜಿಯನ್ನು ಒಬ್ಬರೇ ಕಳಿಸಬೇಡಿ, ನೀವು ಜೊತೆಗೆ ಹೋಗಿ.